ತಪ್ಪು ಸ್ಕ್ರಿಪ್ಟಿನದೋ, ಲ್ಯಾಪ್‌ಟಾಪಿನದೋ? ಆಟಗಾರರ ಸ್ಕ್ರೀನ್ ಮೇಲೆ ಬರುವ ಎಚ್ಚರಿಕೆ ಏನು ಹೇಳುತ್ತದೆ

"ಅಣ್ಣಾ, ಸರ್ವರ್ ಭಾಳ ಲ್ಯಾಗ್ ಹೊಡಿಲಾಕತ್ತದ. ಸ್ಕ್ರೀನ್ ಮ್ಯಾಲ ಏನೋ ವಾರ್ನಿಂಗ್ ಬ್ಯಾರೆ ಬರ್ಲಾಕತ್ತದ, ನೋಡ್ರಿ."

"ತಮ್ಮಾ, ಸರ್ವರ್ ಚಲೋನೇ ಅದ. ನಿನ್ನ ಲ್ಯಾಪ್‌ಟಾಪಿಗೇ ವಯಸ್ಸಾಗ್ಯಾದ."

ಕಲಬುರಗಿಯ ಇಂಜಿನಿಯರಿಂಗ್ ಹುಡುಗರು ಸೇರಿ ನಡೆಸುವ ರೋಲ್‌ಪ್ಲೇ (ಪಾತ್ರ ವಹಿಸಿ ಆಡುವ) ಸರ್ವರಿನ ಡಿಸ್ಕಾರ್ಡ್ ಚಾಟ್‌ನಲ್ಲಿ ಈ ಮಾತುಕತೆ ದಿನಾ ಸಂಜೆ ಆಗುವಂಥದ್ದು. ಜಿಟಿಎ ಫೈವ್ ಎಂಬ ವಿಡಿಯೋ ಗೇಮಿನ ಲಾಸ್ ಸ್ಯಾಂಟೋಸ್ ಊರಿನ ಮೂಲೆಗಳಿಗೆ ಜಗತ್ ಸರ್ಕಲ್, ಸೂಪರ್ ಮಾರ್ಕೆಟ್, ಸೇಡಂ ರೋಡ್ ಅಂತ ಹೆಸರಿಟ್ಟುಕೊಂಡು, ಕನ್ನಡ, ಉರ್ದು ಎರಡನ್ನೂ ಕಲಸಿ ಮಾತಾಡುತ್ತ ಆಡುವ ಗುಂಪು ಅದು. ಜಗಳದಲ್ಲಿ ಇಬ್ಬರೂ ಅರ್ಧರ್ಧ ಸರಿ. ಆದರೆ ಸ್ಕ್ರೀನ್ ಮೇಲೆ ಬಂದ ಎಚ್ಚರಿಕೆಯಲ್ಲಿ ಇದ್ದದ್ದು ಒಂದು ಸ್ಕ್ರಿಪ್ಟಿನ (ಸರ್ವರಿಗೆ ಸೇರಿಸಿದ ಸಣ್ಣ ಪ್ರೋಗ್ರಾಮಿನ) ಹೆಸರು, ಅದು ತಗೊಂಡ ಸಮಯದ ಅಂಕಿ ಅಷ್ಟೇ. ಅದನ್ನು ಆಟಗಾರ ಸರ್ವರ್ ಮೇಲಿನ ದೂರು ಎಂದು ಓದಿಕೊಂಡ, ಸರ್ವರ್ ನಡೆಸುವ ಅಡ್ಮಿನ್ ತನ್ನ ಮೇಲಿನ ದೂರು ಎಂದು ಓದಿಕೊಂಡ. ನಿಜದಲ್ಲಿ ಅದು ಅಳತೆ, ತೀರ್ಪಲ್ಲ. ಏನನ್ನು ಅಳೆದದ್ದು, ಯಾರ ಮಷೀನಿನಲ್ಲಿ ಅಳೆದದ್ದು ಅನ್ನುವುದು ಗೊತ್ತಾದರೆ ಜಗಳದ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ.

ಹಿನ್ನೆಲೆ ಚುಟುಕಾಗಿ. ಜಿಟಿಎ ಫೈವ್ ಪಿಸಿಗೆ ಬಂದದ್ದು 2015ರಲ್ಲಿ. ಅದರ ಮೇಲೆ ಬೇರೆಯವರು ಕಟ್ಟಿದ ಫೈವ್‌ಎಂ ಎಂಬ ವ್ಯವಸ್ಥೆಯಿಂದ ಯಾರು ಬೇಕಾದರೂ ತಮ್ಮದೇ ಸರ್ವರ್ ತೆರೆದು, ತಮ್ಮದೇ ನಿಯಮ, ಅಂಗಡಿ, ಪೊಲೀಸ್ ಠಾಣೆ, ಕೆಲಸ ಬೊಗಸೆ ಎಲ್ಲ ಸೇರಿಸಬಹುದು. ಅದನ್ನು ಕಟ್ಟಿದ ತಂಡವನ್ನು 2023ರ ಆಗಸ್ಟ್‌ನಲ್ಲಿ ಜಿಟಿಎ ಮಾಡಿದ ರಾಕ್‌ಸ್ಟಾರ್ ಕಂಪನಿಯೇ ತನ್ನೊಳಗೆ ಸೇರಿಸಿಕೊಂಡಿತು. ಸರ್ವರಿಗೆ ಸೇರಿಸುವ ಒಂದೊಂದು ತುಣುಕಿಗೂ, ಅಂದರೆ ಸ್ಕ್ರಿಪ್ಟಿಗೂ, ರಿಸೋರ್ಸ್ ಅಂತ ಹೆಸರು. ಬರೆಯುವುದು ಲುವಾ, ಜಾವಾಸ್ಕ್ರಿಪ್ಟ್ ಅಥವಾ ಸಿ ಶಾರ್ಪ್‌ನಲ್ಲಿ. ಸಣ್ಣ ಸರ್ವರಿನಲ್ಲೂ ಇಂಥವು ನೂರರ ಮೇಲೆ ಇರುವುದು ಮಾಮೂಲು. ಒಬ್ಬರು ಬರೆದದ್ದು, ಇನ್ನೊಬ್ಬರಿಂದ ಕೊಂಡದ್ದು, ಮತ್ತೊಬ್ಬರಿಂದ ಪುಕ್ಕಟೆ ಇಳಿಸಿಕೊಂಡದ್ದು, ಎಲ್ಲ ಒಟ್ಟಿಗೇ ಓಡಬೇಕು.

ಲ್ಯಾಗ್ ಅನ್ನುವ ಒಂದೇ ಶಬ್ದದಲ್ಲಿ ಮೂರು ಬೇರೆ ಬೇರೆ ರೋಗ ಅಡಗಿವೆ. ಮೊದಲನೆಯದು ನೆಟ್‌ವರ್ಕಿನದು. ನೀವು ಕೀ ಒತ್ತಿದ್ದು ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯವೇ ಪಿಂಗ್. ಕಲಬುರಗಿಯಿಂದ ಮುಂಬೈಗೆ ನೇರ ಅಳೆದರೆ ನಾನೂರೈವತ್ತು ಕಿಲೋಮೀಟರ್ ಆಸುಪಾಸು. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರಿನಂತೆ ಓಡುವುದರಿಂದ ಹೋಗಿಬರಲು ಐದು ಮಿಲಿಸೆಕೆಂಡೂ ಬೇಡ. ನಿಮಗೆ ಕಾಣುವ ನಲವತ್ತು ಐವತ್ತರಲ್ಲಿ ಮಿಕ್ಕದ್ದು ಸುತ್ತುದಾರಿ, ರೂಟರು, ಮನೆಯ ವೈಫೈ ಇವುಗಳದ್ದು. ಎರಡನೆಯದು ಸರ್ವರಿನ ಬಿಕ್ಕಳಿಕೆ. ಸರ್ವರ್ ಮಷೀನೇ ಒಂದು ಗಳಿಗೆ ಸಿಕ್ಕಿಹಾಕಿಕೊಂಡರೆ ಊರಲ್ಲಿದ್ದವರಿಗೆಲ್ಲ ಒಮ್ಮೆಲೇ ಗಾಡಿ ಹಿಂದಕ್ಕೆ ಜಿಗಿದಂತೆ ಕಾಣುತ್ತದೆ. ಮೂರನೆಯದು ನಿಮ್ಮ ಮಷೀನಿನಲ್ಲಿ ಓಡುವ ಸ್ಕ್ರಿಪ್ಟ್ ಸಮಯ ತಿಂದು ಎಫ್‌ಪಿಎಸ್ (ಸೆಕೆಂಡಿಗೆ ಸ್ಕ್ರೀನ್ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಬೀಳುವುದು. ನಾವು ಮಾತಾಡುತ್ತಿರುವ ಎಚ್ಚರಿಕೆ ಹೇಳುವುದು ಈ ಮೂರನೆಯದನ್ನು ಮಾತ್ರ. ಪಿಂಗ್ ಹೆಚ್ಚಾದರೆ ಅದು ಬರುವುದಿಲ್ಲ, ಸರ್ವರ್ ಬಿಕ್ಕಳಿಸಿದರೂ ಬರುವುದಿಲ್ಲ. ಅದು ಬಂದಾಗ "ಸರ್ವರ್ ಲ್ಯಾಗ್" ಅಂದರೆ ಮಾತು ಅಲ್ಲಿಯೇ ದಾರಿ ತಪ್ಪಿತು.

ಹದಿನಾರೂವರೆ ಮಿಲಿಸೆಕೆಂಡಿನ ಲೆಕ್ಕ

ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 16.67 ಮಿಲಿಸೆಕೆಂಡ್. ಅಷ್ಟರಲ್ಲಿ ಆಟ ತನ್ನ ರಸ್ತೆ, ಜನ, ಗಾಡಿ, ನೆರಳು ಎಲ್ಲ ಲೆಕ್ಕ ಹಾಕಬೇಕು, ಜೊತೆಗೆ ನೂರು ರಿಸೋರ್ಸುಗಳೂ ತಮ್ಮ ಪಾಳಿ ಮುಗಿಸಬೇಕು. ನಿಮ್ಮ ಪ್ರೊಸೆಸರಿಗೆ ಎಂಟು ಕೋರ್ ಇದ್ದರೂ ಈ ಸ್ಕ್ರಿಪ್ಟುಗಳು ಆಟದ ಮುಖ್ಯ ಸಾಲಿನಲ್ಲೇ ಒಂದಾದ ಮೇಲೊಂದು ನಿಲ್ಲುತ್ತವೆ. ಖಾನಾವಳಿಯಲ್ಲಿ ಒಂದೇ ಹಂಚು ಇದ್ದಂತೆ. ರೊಟ್ಟಿ ಬಡಿಯುವವರು ಎಷ್ಟೇ ಚುರುಕಿದ್ದರೂ ಹಂಚಿನ ಮೇಲೆ ಒಂದು ರೊಟ್ಟಿ ಸುಡುವವರೆಗೆ ಮುಂದಿನದು ಕಾಯಲೇಬೇಕು.

ಈಗ ಯಾವುದೋ ರಿಸೋರ್ಸ್ ಪ್ರತಿ ಚಿತ್ರಕ್ಕೂ 8 ಮಿಲಿಸೆಕೆಂಡ್ ತಗೊಂಡಿತು ಅನ್ನಿ. 16.67ಕ್ಕೆ 8 ಸೇರಿ 24.67 ಆಯಿತು. ಸಾವಿರವನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ನಲವತ್ತು ಚಿತ್ರ. ಇಪ್ಪತ್ತು ಎಫ್‌ಪಿಎಸ್ ಹೋಯಿತು. ಫೈವ್‌ಎಂ ತೋರಿಸುವ ಎಚ್ಚರಿಕೆಯಲ್ಲಿ ಮಿಲಿಸೆಕೆಂಡಿನ ಪಕ್ಕ 60 ಹರ್ಟ್ಜ್ ಲೆಕ್ಕದಲ್ಲಿ ಎಷ್ಟು ಎಫ್‌ಪಿಎಸ್ ಹೋಯಿತು ಅಂತ ಇರುವುದು ಇದೇ ಗಣಿತ. ನೋಡಿ ಹೆದರುವ ಮೊದಲು ಒಂದು ವಿಷಯ ತಿಳಿದಿರಲಿ: ಅದು ನಿಮ್ಮ ಮಷೀನಿನಲ್ಲಿ ನಿಜಕ್ಕೂ ಕಳೆದದ್ದರ ಎಣಿಕೆ ಅಲ್ಲ. ಮೊದಲೇ 30ರಲ್ಲಿ ಓಡುವ ಹಳೆ ಲ್ಯಾಪ್‌ಟಾಪಿಗೆ ಅದೇ 8 ಮಿಲಿಸೆಕೆಂಡ್ ಸೇರಿದರೆ 24ಕ್ಕೆ ಇಳಿಯುತ್ತದೆ, ಆರು ಮಾತ್ರ ನಷ್ಟ. 144ರಲ್ಲಿ ಓಡುವ ದುಬಾರಿ ಮಷೀನು 67ಕ್ಕೆ ಕುಸಿಯುತ್ತದೆ, ಎಪ್ಪತ್ತೇಳು ನಷ್ಟ. ಹಾಗಾಗಿ ಎಫ್‌ಪಿಎಸ್ ಅಂಕಿ ಹಿಡಿದು ಇಬ್ಬರು ಹೋಲಿಸಿಕೊಂಡರೆ ಏನೂ ತಿಳಿಯುವುದಿಲ್ಲ. ಹೋಲಿಸುವುದಾದರೆ ಮಿಲಿಸೆಕೆಂಡ್ ಹೋಲಿಸಿ. ಅದರಲ್ಲೂ ಒಂದು ತೊಡಕಿದೆ, ಮುಂದೆ ಬರುತ್ತದೆ.

8 ಮಿಲಿಸೆಕೆಂಡ್ ಎಲ್ಲಿಂದ ಬರುತ್ತದೆ? ಹೆಚ್ಚಿನ ಸಲ ದೊಡ್ಡ ಕೆಲಸದಿಂದಲ್ಲ, ಸಣ್ಣ ಕೆಲಸವನ್ನು ಬೇಕಿಲ್ಲದಷ್ಟು ಸಲ ಮಾಡುವುದರಿಂದ. ಒಂದು ಅಂಗಡಿ ಸ್ಕ್ರಿಪ್ಟ್ ತಗೊಳ್ಳೋಣ. ಊರಲ್ಲಿ 80 ಅಂಗಡಿ. ಆಟಗಾರ ಅಂಗಡಿ ಹತ್ತಿರ ಬಂದರೆ ನೆಲದ ಮೇಲೆ ಒಂದು ಹೊಳೆಯುವ ಗುರುತು ಬಿಡಿಸಬೇಕು, "ಕೊಳ್ಳಲು ಈ ಕೀ ಒತ್ತಿ" ಅಂತ ಬರೆಯಬೇಕು. ಗುರುತನ್ನು ಪ್ರತಿ ಚಿತ್ರದಲ್ಲೂ ಹೊಸದಾಗಿ ಬಿಡಿಸದಿದ್ದರೆ ಅದು ಮಿಣುಕುತ್ತದೆ. ಆದ್ದರಿಂದ ಬರೆದವನು ಒಂದು ಮುಗಿಯದ ಲೂಪ್ ಹಾಕಿ, ಅದರೊಳಗೆ ವೇಟ್ ಝೀರೊ ಇಟ್ಟು, ಸುತ್ತು ಸುತ್ತಿಗೂ 80 ಅಂಗಡಿಯ ದೂರ ನೋಡುತ್ತಾನೆ. ವೇಟ್ ಝೀರೊ ಅಂದರೆ ಮುಂದಿನ ಚಿತ್ರಕ್ಕೇ ಮತ್ತೆ ಎಬ್ಬಿಸು ಎಂದರ್ಥ. ಸೆಕೆಂಡಿಗೆ 4,800 ಸಲ ದೂರ ಅಳೆದಾಯಿತು. ಅದೂ ಆಟಗಾರ ಸಮುದ್ರದ ನಡುವೆ ದೋಣಿಯಲ್ಲಿ ಮಲಗಿದ್ದರೂ.

ಬರೀ ದೂರದ ಗಣಿತವಾದರೆ ಪ್ರೊಸೆಸರ್ ನಕ್ಕು ಮಾಡಿ ಮುಗಿಸುತ್ತಿತ್ತು. ಆದರೆ ಲೂಪಿನೊಳಗೇ ಪ್ರತಿ ಅಂಗಡಿಗೂ "ಆಟಗಾರ ಎಲ್ಲಿದ್ದಾನೆ" ಅಂತ ಆಟವನ್ನು ಕೇಳಿದರೆ ಕತೆ ಬೇರೆ. ಲುವಾದಿಂದ ಆಟದೊಳಗೆ ಹೋಗಿ ಉತ್ತರ ತರುವ ಈ ನೇಟಿವ್ ಕರೆ ಕೂಡುವುದು ಕಳೆಯುವುದಕ್ಕಿಂತ ಎಷ್ಟೋ ತುಟ್ಟಿ. ಒಂದು ಸಲ ಕೇಳಿ ಉತ್ತರವನ್ನು ಇಟ್ಟುಕೊಂಡರೆ ಸಾಕಿತ್ತು, ಅದನ್ನು 80 ಸಲ ಕೇಳುತ್ತಿದ್ದಾನೆ. ಇಂಥ ಸ್ಕ್ರಿಪ್ಟ್ ಹತ್ತು ಸೇರಿದರೆ ಚಿತ್ರದ ಸಮಯವೆಲ್ಲ ಅವಕ್ಕೇ ಹೋಗುತ್ತದೆ.

ರಿಪೇರಿ ನಾಲ್ಕು ಸಾಲಿನದು. ಹತ್ತಿರ ಯಾವ ಅಂಗಡಿಯೂ ಇಲ್ಲದಾಗ ಒಂದು ಸೆಕೆಂಡ್ ಮಲಗು, ಹತ್ತಿರ ಬಂದಾಗ ಮಾತ್ರ ವೇಟ್ ಝೀರೊಗೆ ಇಳಿ. 4,800 ಇದ್ದದ್ದು 80 ಆಯಿತು. ಗಂಟೆಗೆ 150 ಕಿಲೋಮೀಟರಿನಲ್ಲಿ ಓಡುವ ಗಾಡಿ ಒಂದು ಸೆಕೆಂಡಿನಲ್ಲಿ ನಲವತ್ತು ಮೀಟರ್ ದಾಟುತ್ತದೆ, ಅಂಗಡಿ ಕಣ್ಣಿಗೇ ಬೀಳದೆ ಹೋಗಬಹುದು ನಿಜ. ಆದರೆ ಆ ವೇಗದಲ್ಲಿ ಹೋಗುವವನು ಪಾವ್ ಕಿಲೋ ಸಕ್ಕರೆ ಕೊಳ್ಳಲು ಬಂದಿರುವುದಿಲ್ಲ.

ಮೇ ತಿಂಗಳಲ್ಲಿ ಅದೇ ಸ್ಕ್ರಿಪ್ಟ್

ಈಗ ಅಡ್ಮಿನ್ ಅಣ್ಣನ ಪಾಲಿನ ಅರ್ಧ ಸತ್ಯ. ಈ ಮಿಲಿಸೆಕೆಂಡ್ ಗೋಡೆ ಗಡಿಯಾರದ ಸಮಯ. ಸ್ಕ್ರಿಪ್ಟ್ ಶುರುವಾದಾಗ ಗಡಿಯಾರ ನೋಡಿ, ಮುಗಿದಾಗ ಮತ್ತೊಮ್ಮೆ ನೋಡಿ, ಕಳೆದು ಹೇಳಿದ ಲೆಕ್ಕ. ನಡುವೆ ಪ್ರೊಸೆಸರ್ ಯಾವ ವೇಗದಲ್ಲಿತ್ತು, ವಿಂಡೋಸ್ ಮಧ್ಯದಲ್ಲಿ ಅದನ್ನು ಕಸಿದು ಅಪ್‌ಡೇಟಿಗೋ ಆ್ಯಂಟಿವೈರಸ್‌ಗೋ ಕೊಟ್ಟಿತ್ತೋ, ಇದ್ಯಾವುದೂ ಅದಕ್ಕೆ ತಿಳಿಯದು.

ಕಲಬುರಗಿಯಲ್ಲಿ ಮೇ ತಿಂಗಳು ಅಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹೊರಗೆ 42 ಡಿಗ್ರಿ ದಾಟಿರುತ್ತದೆ, ಆರ್‌ಸಿಸಿ ಛತ್ತಿನ ಕೆಳಗಿನ ಬಾಡಿಗೆ ರೂಮು ರಾತ್ರಿ ಹತ್ತಾದರೂ ಆರುವುದಿಲ್ಲ. ಲ್ಯಾಪ್‌ಟಾಪಿನ ಫ್ಯಾನ್ ಒಳಗೆ ಎಳೆದುಕೊಳ್ಳುವುದೇ ಬಿಸಿ ಗಾಳಿ. ಚಿಪ್ಪಿನ ಬಿಸಿ ನೂರು ಡಿಗ್ರಿಯ ಹತ್ತಿರ ಹೋದಾಗ ಅದು ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. 3.6 ಗಿಗಾಹರ್ಟ್ಜ್‌ನಲ್ಲಿ ಓಡುತ್ತಿದ್ದದ್ದು 1.8ಕ್ಕೆ ಇಳಿದರೆ 3 ಮಿಲಿಸೆಕೆಂಡಿನ ಕೆಲಸಕ್ಕೆ ಹತ್ತಿರಹತ್ತಿರ 6 ಬೇಕು. ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬದಲಾಗಿಲ್ಲ. ಜನವರಿಯಲ್ಲಿ ಸುಮ್ಮನಿದ್ದ ಎಚ್ಚರಿಕೆ ಮೇನಲ್ಲಿ ಕುಣಿಯತೊಡಗುತ್ತದೆ. ಕರೆಂಟ್ ಹೋಗಿ ಬ್ಯಾಟರಿ ಮೇಲೆ ಆಡುವಾಗಲೂ ಇದೇ ಪಾಡು. ಚಾರ್ಜ್ ಉಳಿಸಲು ಬಹಳಷ್ಟು ಲ್ಯಾಪ್‌ಟಾಪುಗಳು ತಾವಾಗಿಯೇ ವೇಗ ತಗ್ಗಿಸುತ್ತವೆ.

ಹಾಗಾದರೆ ಬೇರ್ಪಡಿಸುವುದು ಹೇಗೆ? ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ನೆನಪಿಡಬೇಕಾದ ಉಪಾಯ ಇದೊಂದೇ, ಆದರೆ ಎಚ್ಚರಿಕೆಯ ಪಟ್ಟಿ ಇದನ್ನು ಹೇಳುವುದಿಲ್ಲ. ಮಷೀನ್ ಕಾದಿದ್ದರೆ ಎಲ್ಲ ರಿಸೋರ್ಸುಗಳ ಅಂಕಿಯೂ ಜೊತೆಜೊತೆಗೆ ಏರುತ್ತದೆ. ಸ್ಕ್ರಿಪ್ಟ್ ಕೆಟ್ಟಿದ್ದರೆ ಅದೊಂದೇ ಏರುತ್ತದೆ. ಎಚ್ಚರಿಕೆಯಲ್ಲಿ ಮಿತಿ ದಾಟಿದವನ ಹೆಸರು ಮಾತ್ರ ಇರುವುದರಿಂದ ಹೋಲಿಕೆಗೆ ಬೇಕಾದ ಉಳಿದ ಸಾಲುಗಳು ಕಣ್ಣಿಗೆ ಬೀಳುವುದಿಲ್ಲ. ಅವನ್ನು ನೋಡಲು ಎಫ್8 ಒತ್ತಿ, ಕನ್ಸೋಲಿನಲ್ಲಿ ರೆಸ್‌ಮಾನ್ ಆಜ್ಞೆ ಕೊಡಬೇಕು. ಎಲ್ಲ ರಿಸೋರ್ಸುಗಳ ಸಮಯ, ಮೆಮೊರಿ ಸಾಲಾಗಿ ತೆರೆದುಕೊಳ್ಳುತ್ತವೆ. ಆಟ ಶುರು ಮಾಡಿದ ಹೊಸತರಲ್ಲಿ ಒಂದು ಸ್ಕ್ರೀನ್‌ಶಾಟ್, ಅರ್ಧ ಗಂಟೆ ಆಡಿ ಮಷೀನ್ ಕಾದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು. ಎರಡನೆಯದರಲ್ಲಿ ಎಲ್ಲವೂ ಒಂದೂವರೆ ಪಟ್ಟು ಆಗಿದ್ದರೆ ಲ್ಯಾಪ್‌ಟಾಪಿನ ಧೂಳು ತೆಗೆಸಿ. ಅಂಗಡಿ ಸ್ಕ್ರಿಪ್ಟ್ ಮಾತ್ರ 1ರಿಂದ 8ಕ್ಕೆ ಹಾರಿ ಉಳಿದವು ಇದ್ದಲ್ಲೇ ಇದ್ದರೆ ಅಡ್ಮಿನ್‌ಗೆ ಕಳಿಸಿ.

ಈ ಪಟ್ಟಿಗೂ ಕಾಣದ ಕಳ್ಳರಿದ್ದಾರೆ. ಸ್ಪೀಡೋಮೀಟರ್, ಹಸಿವೆಯ ಪಟ್ಟಿ, ಮೊಬೈಲ್ ಫೋನ್ ಮುಂತಾದ ಚಂದದ ತೋರುಪಟ್ಟಿಗಳನ್ನು ಫೈವ್‌ಎಂನಲ್ಲಿ ವೆಬ್ ಪುಟದ ಹಾಗೆ ಬರೆಯುತ್ತಾರೆ. ಅವು ಕ್ರೋಮಿಯಂ ಬ್ರೌಸರಿನ ಎಂಜಿನ್ನಿನಲ್ಲಿ, ಬೇರೆಯೇ ಪ್ರೊಸೆಸ್ಸಿನಲ್ಲಿ ಓಡುತ್ತವೆ. ಸೂಜಿ ಅಲ್ಲಾಡಿಸಲು ಪ್ರತಿ ಚಿತ್ರಕ್ಕೂ ಆ ಪುಟಕ್ಕೆ ಸಂದೇಶ ಕಳಿಸುವ ಸ್ಪೀಡೋಮೀಟರಿನ ಲುವಾ ಭಾಗ 0.2 ಅಂತ ತೋರಿಸುತ್ತ ಸಭ್ಯಸ್ಥನಂತೆ ಕೂತಿರುತ್ತದೆ, ಬಿಡಿಸುವ ಭಾರವೆಲ್ಲ ಆ ಕಡೆ ಬೀಳುತ್ತದೆ. ಎಚ್ಚರಿಕೆ ಬಾರದೆಯೂ ಎಫ್‌ಪಿಎಸ್ ಬೀಳುತ್ತಿದ್ದರೆ ಮೊದಲು ಇಂಥವನ್ನು ಒಂದೊಂದಾಗಿ ನಿಲ್ಲಿಸಿ ನೋಡಬೇಕು. ಎದುರು ದಿಕ್ಕಿನ ಮೋಸವೂ ಉಂಟು. ಒಂದು ಸ್ಕ್ರಿಪ್ಟ್ ಇನ್ನೊಂದನ್ನು ಕರೆದು ಉತ್ತರಕ್ಕೆ ಕಾದರೆ, ಕಾದ ಸಮಯ ಕರೆದವನ ಖಾತೆಗೆ ಬೀಳಬಹುದು. ಅಂಥ ಕಡೆ ಯಾವ ಕರೆಗೆ ಎಷ್ಟು ಸಮಯ ಹೋಯಿತೆಂದು ತೋರಿಸುವ ಪ್ರೊಫೈಲರ್ ಹಚ್ಚಿ, ಒಳಗಿನ ಕರೆಗಳನ್ನು ಬಿಡಿಸಿ ನೋಡದೆ ಬೇರೆ ದಾರಿಯಿಲ್ಲ.

ಯಾರಿಗೆ ಹೇಳಬೇಕು?

ಇಲ್ಲಿಯವರೆಗಿನದು ಓದುವ ವಿಷಯ. ಅದಕ್ಕಿಂತ ಕಷ್ಟದ ಪ್ರಶ್ನೆ ಇದು: ರಿಪೇರಿ ಮಾಡಲಾಗದವನ ಕಣ್ಣ ಮುಂದೆ ಎಚ್ಚರಿಕೆ ಇಡುವುದು ಸರಿಯೇ?

ಮೈನ್‌ಕ್ರಾಫ್ಟ್ ಎಂಬ ಇನ್ನೊಂದು ಆಟ ಇದಕ್ಕೆ ಬೇರೆ ಉತ್ತರ ಕೊಟ್ಟಿದೆ. ಅದರ ಸರ್ವರ್ ಸೆಕೆಂಡಿಗೆ 20 ಟಿಕ್ (ಲೆಕ್ಕದ ಸುತ್ತು) ಓಡುತ್ತದೆ, ಒಂದಕ್ಕೆ 50 ಮಿಲಿಸೆಕೆಂಡ್. ಸರ್ವರ್ ಎರಡು ಸೆಕೆಂಡಿಗಿಂತ ಹಿಂದೆ ಬಿದ್ದರೆ "ನನಗೆ ನಿಭಾಯಿಸಲು ಆಗುತ್ತಿಲ್ಲ, ಇಷ್ಟು ಟಿಕ್ ಹಿಂದಿದ್ದೇನೆ" ಎಂಬ ಅರ್ಥದ ಸಾಲು ಕನ್ಸೋಲಿನಲ್ಲಿ ಬೀಳುತ್ತದೆ. ಒಮ್ಮೆ ಹೇಳಿದ ಮೇಲೆ ಹದಿನೈದು ಸೆಕೆಂಡ್ ಬಾಯಿ ಮುಚ್ಚಿಕೊಂಡಿರುತ್ತದೆ. ಆಟಗಾರನಿಗೆ ಏನೂ ಕಾಣುವುದಿಲ್ಲ. ಒಡೆದ ಕಲ್ಲು ಮತ್ತೆ ಪ್ರತ್ಯಕ್ಷವಾದಾಗ ಅವನಿಗೇ ತಿಳಿಯಬೇಕು. ಫೈವ್‌ಎಂ ಕೂಡ ಸರ್ವರಿನ ಬಿಕ್ಕಳಿಕೆಯನ್ನು ಸರ್ವರ್ ಕನ್ಸೋಲಿನಲ್ಲೇ ಹೇಳುತ್ತದೆ. ಗಾಡಿ, ಬಟ್ಟೆಗಳ ಟೆಕ್ಸ್ಚರ್ ಫೈಲು ಅತಿ ದೊಡ್ಡದಾದರೆ ಅದರಿಂದ ಮಾಡೆಲ್ ಲೋಡ್ ಆಗದೆ ಹೋಗಬಹುದು, ಹೋಗಿಯೇ ಹೋಗುತ್ತದೆ ಎಂದು ದೊಡ್ಡಕ್ಷರದಲ್ಲಿ ಕಿರುಚುವುದೂ ಅಲ್ಲಿಯೇ. ಸರ್ವರ್ ಶುರುವಾಗುವಾಗ ಇಂಥ ಸಾಲುಗಳು ಸರಸರ ಓಡಿಹೋಗುತ್ತವೆ. ಓದುವ ಅಡ್ಮಿನ್ ವಿರಳ. ಸರ್ವರ್ ಮೇಲೆದ್ದರೆ ಸಾಕು, ಎದ್ದು ಚಹಾಕ್ಕೆ ಹೋಗುತ್ತಾರೆ.

ಆಟಗಾರನ ಮಷೀನಿನಲ್ಲಿ ಓಡುವ ಸ್ಕ್ರಿಪ್ಟಿನ ವಿಷಯಕ್ಕೆ ಬಂದರೆ ಫೈವ್‌ಎಂ ಹಿಡಿದ ದಾರಿ ನನಗೆ ಸರಿ ಕಾಣುತ್ತದೆ. ಅಳತೆ ಸಿಗುವುದು ಅಲ್ಲಿಯೇ. ಅಡ್ಮಿನ್ ಮಷೀನ್ ಹೊಸದು, ಅವನಿಗೆ 8 ಇರುವುದು 2 ಅಂತ ಕಾಣುತ್ತದೆ, ಎಚ್ಚರಿಕೆಯೇ ಬರುವುದಿಲ್ಲ. ಹಳೆ ಲ್ಯಾಪ್‌ಟಾಪಿನವನು ಹೇಳದಿದ್ದರೆ ಯಾರು ಹೇಳಬೇಕು? ಆದರೆ ಹೇಳುವ ಕೆಲಸವನ್ನು ಅವನ ತಲೆಗೆ ಕಟ್ಟಿದ ಮೇಲೆ ಏನು ಹೇಳಬೇಕು ಎಂಬುದನ್ನೂ ಕೊಡಬೇಕಿತ್ತು. ಎಚ್ಚರಿಕೆ ಬರೀ "ಸರ್ವರ್ ಮಾಲೀಕರನ್ನು ಕೇಳಿ" ಅಂದರೆ ಅವನು ಕೇಳುವುದು "ಅಣ್ಣಾ, ಲ್ಯಾಗ್" ಅಂತಲೇ.

ಸರ್ವರ್ ನಡೆಸುವವರು ಇದನ್ನು ತಾವೇ ತುಂಬಿಕೊಳ್ಳಬಹುದು. ಡಿಸ್ಕಾರ್ಡ್‌ನಲ್ಲಿ ಒಂದು ಚಾನೆಲ್ ಇಟ್ಟು, ರೆಸ್‌ಮಾನ್‌ನ ಪೂರ್ತಿ ಸ್ಕ್ರೀನ್‌ಶಾಟ್ ಮಾತ್ರ ಹಾಕಿ ಅನ್ನುವುದು. ಸಂಜೆ ಆಡುವ 40 ಮಂದಿಯಲ್ಲಿ 25 ಜನರ ಚಿತ್ರದಲ್ಲಿ ಒಂದೇ ಹೆಸರು ಮೇಲಿದ್ದರೆ ಸ್ಕ್ರಿಪ್ಟ್ ಸಿಕ್ಕಿಬಿತ್ತು. ಇಬ್ಬರದರಲ್ಲಿ ಮಾತ್ರ ಇದ್ದು, ಅವರ ಪಟ್ಟಿಯಲ್ಲಿ ಉಳಿದ ಅಂಕಿಗಳೂ ಉಬ್ಬಿದ್ದರೆ ಅವರಿಬ್ಬರ ಮಷೀನ್ ನೋಡಬೇಕು.

ಸರ್ವರಿನ ಕಡೆಯ ತಡವನ್ನು ಆಟಗಾರರಿಗೆ ತಿಳಿಸಲು ಕೆಲವರು ತಮ್ಮದೇ ನೋಟಿಸ್ ಬರೆಯುತ್ತಾರೆ. ಎಲ್ಲರ ಹಣ, ಸಾಮಾನು ಡೇಟಾಬೇಸಿಗೆ ಸೇವ್ ಆಗುವಾಗ ಸರ್ವರ್ ಒಂದು ಗಳಿಗೆ ನಿಂತಂತಾಗುತ್ತದೆ, ಅದಕ್ಕೆ. ಇಲ್ಲಿ ಭಾಷೆ ಎಡವುವುದನ್ನು ನೋಡಬೇಕು. "ಎಚ್ಚರಿಕೆ! ಕಾರ್ಯಕ್ಷಮತೆಯ ದೋಷ ಪತ್ತೆಯಾಗಿದೆ" ಅಂತ ಕೆಂಪಕ್ಷರದಲ್ಲಿ ಬಂದರೆ ಹುಡುಗ ತನ್ನನ್ನೇ ಬ್ಯಾನ್ ಮಾಡುತ್ತಾರೆಂದು ಆಟ ಬಂದ್ ಮಾಡುತ್ತಾನೆ. ತಹಶೀಲ್ ಕಚೇರಿಯ ನೋಟಿಸಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಅದರ ಬದಲು "ಎಲ್ಲರ ಸಾಮಾನು ಸೇವ್ ಆಗ್ಲಾಕತ್ತದ, ಎರಡು ಸೆಕೆಂಡ್ ತಡ ಆಗಬಹುದು, ನಿಮ್ಮದೇನೂ ತಪ್ಪಿಲ್ಲ" ಅಂದರೆ ಮುಗಿಯಿತು. ಏನಾಗುತ್ತಿದೆ, ಎಷ್ಟು ಹೊತ್ತು, ಅವನು ಏನಾದರೂ ಮಾಡಬೇಕೇ ಬೇಡವೇ, ಮೂರೂ ಬಂದವು. ಗಾಡಿ ಓಡಿಸುವಾಗ, ಹೊಡೆದಾಟದ ನಡುವೆ ಸ್ಕ್ರೀನಿನ ಮಧ್ಯಕ್ಕೆ ತಂದು ನಿಲ್ಲಿಸಬಾರದು, ಮೂಲೆಯಲ್ಲಿರಲಿ. ಮೈನ್‌ಕ್ರಾಫ್ಟಿನ ಹದಿನೈದು ಸೆಕೆಂಡಿನ ಮೌನವನ್ನೂ ಕದ್ದುಕೊಳ್ಳಿ. ಸೆಕೆಂಡಿಗೊಮ್ಮೆ ಬರುವ ಎಚ್ಚರಿಕೆಯನ್ನು ಮೂರನೆಯ ಸಲಕ್ಕೆ ಯಾರೂ ಓದುವುದಿಲ್ಲ.

ಅಂಕಿ ಎಲ್ಲರಿಗೂ ಕಾಣತೊಡಗಿದ್ದರಿಂದ ಒಂದು ವಿಚಿತ್ರವೂ ಆಗಿದೆ. ಸ್ಕ್ರಿಪ್ಟ್ ಮಾರುವವರು ಈಗ ಜಾಹೀರಾತಿನಲ್ಲೇ "0.00 ಮಿಲಿಸೆಕೆಂಡ್" ಅಂತ ಬರೆಯುತ್ತಾರೆ. ಅದು ಸುಳ್ಳಲ್ಲ. ಖಾಲಿ ಸರ್ವರಿನಲ್ಲಿ, ಒಬ್ಬನೇ ಆಟಗಾರ, ಒಳ್ಳೆ ಮಷೀನ್, ಅಂಗಡಿಯಿಂದ ದೂರ ನಿಂತು ತೆಗೆದ ಅಂಕಿ. ಕೊಳ್ಳುವವರು ಕೇಳಬೇಕಾದ್ದು ಬಳಕೆಯಲ್ಲಿರುವಾಗ ಎಷ್ಟು, ಸುತ್ತ ಮೂವತ್ತು ಜನ ನಿಂತಾಗ ಎಷ್ಟು ಎಂದು. ಇನ್ನು ದುಡ್ಡು ಕೊಟ್ಟು ಕೊಂಡ ಸ್ಕ್ರಿಪ್ಟುಗಳಲ್ಲಿ ಬಹಳಷ್ಟು ಎಸ್ಕ್ರೋ ಬೀಗದೊಳಗೆ ಬರುತ್ತವೆ. ಕೋಡ್ ಎನ್‌ಕ್ರಿಪ್ಟ್ ಆಗಿರುವುದರಿಂದ, ಲೂಪಿನಲ್ಲಿ ವೇಟ್ ಝೀರೊ ಇದೆಯೆಂದು ಅನುಮಾನ ಬಂದರೂ ಅಡ್ಮಿನ್ ಅದನ್ನು ತೆರೆದು ತಿದ್ದುವಂತಿಲ್ಲ. ಮಾರಿದವನಿಗೆ ಟಿಕೆಟ್ (ಲಿಖಿತ ದೂರು) ಹಾಕಿ ಕಾಯಬೇಕು. ಅವನು "ನನ್ನಲ್ಲಿ ಸರಿಯಾಗಿ ಓಡುತ್ತಿದೆ" ಅನ್ನುವುದು ಖಾತ್ರಿ.

ಆ ಉತ್ತರವನ್ನು ಮೊದಲೇ ಮುರಿಯುವಂಥ ಟಿಕೆಟ್ ಬರೆಯಬೇಕು. ಪೂರ್ತಿ ಪಟ್ಟಿಯ ಎರಡು ಸ್ಕ್ರೀನ್‌ಶಾಟ್, ಒಂದು ಅಂಗಡಿಯಿಂದ ದೂರ, ಒಂದು ಅಂಗಡಿಯ ಎದುರು. ಆಗ ಸರ್ವರಿನಲ್ಲಿ ಎಷ್ಟು ಜನ ಇದ್ದರು, ಆಟಗಾರ ನಡೆಯುತ್ತಿದ್ದನೋ ಗಾಡಿಯಲ್ಲಿದ್ದನೋ, ಲ್ಯಾಪ್‌ಟಾಪ್ ಚಾರ್ಜರ್ ಮೇಲಿತ್ತೋ ಬ್ಯಾಟರಿ ಮೇಲಿತ್ತೋ. ಕನಿಷ್ಠ ಮೂರು ಬೇರೆ ಮಷೀನಿನಿಂದ ಇಷ್ಟನ್ನು ಸೇರಿಸಿ ಕಳಿಸಿದರೆ ಅವನು ಕೇಳಲು ಬೇರೆ ಪ್ರಶ್ನೆ ಉಳಿದಿರುವುದಿಲ್ಲ, ಲೂಪ್ ತೆರೆದು ನೋಡಲೇಬೇಕಾಗುತ್ತದೆ.